ಬಿಟ್ಟ ಪೆಡಲನ್ನು ಮತ್ತೆ ತುಳಿಯುವಾಗ

(ಸಂಘದ ವ್ಯಾಯಾಮ ವಿಭಾಗದ ಪರವಾಗಿ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ಬೆಟ್ಟದ ಸೈಕಲ್ ಸವಾರಿಯ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಸಂಘದವರು ನಮಗೆ ಅಪ್ಪಣೆ ಮಾಡಿದ್ದಾರೆ. ಅದರಲ್ಲೂ, ಒಂದು ಕಾಲಕ್ಕೆ ಈ ಆಟ ಆಡಿ, ದುಡಿಮೆ, ಸಂಸಾರ, ಕಾಯಿಲೆಗಳ ದೆಸೆಯಿಂದ ವರ್ಷಗಟ್ಟಲೆ ಬಿಟ್ಟು, ಈಗ ಮತ್ತೆ ಸೈಕಲ್ ಹತ್ತಬೇಕೆನ್ನುವವರಿಗಾಗಿ ಈ ಮಾತು. ನಮ್ಮ ವಿಭಾಗದಲ್ಲಿ ಅಂಥವರು ಹಲವರಿದ್ದೇವೆ. ಆದ್ದರಿಂದ ಇದು ಉಪದೇಶವಲ್ಲ, ನಮ್ಮನಮ್ಮೊಳಗಿನ ವಿಚಾರ ವಿನಿಮಯವೆಂದೇ ತಾವು ತಿಳಿಯಬೇಕು.

ಇದು ಉಳ್ಳವರ ಆಟ, ಕಪ್ಪು ಬಸಿ ಎತ್ತುವವರಿಗೆ, ಗಿರಣಿಯಲ್ಲಿ ಪಾಳಿ ದುಡಿದವರಿಗೆ ಇದರ ಉಸಾಬರಿ ಏಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಹಜವೇ. ಇಂದು ಅಂಗಡಿಯ ಗಾಜಿನೊಳಗೆ ನಿಂತ ಬೆಟ್ಟದ ಸೈಕಲ್ಲಿನ ಬೆಲೆ ಓದಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಈ ಆಟ ಹುಟ್ಟಿದ ಬಗೆ ತಿಳಿದರೆ ಮಾತು ಬೇರೆಯಾಗುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್‌ಫ್ರಾನ್ಸಿಸ್ಕೋ ನಗರದ ಉತ್ತರಕ್ಕೆ ಮರಿನ್ ಎಂಬ ಜಿಲ್ಲೆಯಿದೆ. ಅಲ್ಲಿಯ ಕೆಲವು ತರುಣರು 1970ರ ದಶಕದಲ್ಲಿ, ಯಾರಿಗೂ ಬೇಡವಾಗಿದ್ದ 1930-40ರ ಕಾಲದ ದಪ್ಪ ಟೈರಿನ ಸೈಕಲ್ಲುಗಳನ್ನು ಅಗ್ಗಕ್ಕೆ ಕೊಂಡು ತಂದರು. ಪೇಪರು ಹಾಕುವ ಹುಡುಗರು ತುಳಿಯುತ್ತಿದ್ದ ಜಾತಿಯ ಸೈಕಲ್ಲುಗಳು ಅವು. 1976ರ ಅಕ್ಟೋಬರ್ 21ರಂದು ಫೇರ್‌ಫ್ಯಾಕ್ಸ್ ಊರಿನ ಬಳಿಯ ಮಣ್ಣಿನ ಇಳಿಜಾರಿನಲ್ಲಿ ಮೊದಲ ಪಂದ್ಯ ಇಟ್ಟರು. ಸುಮಾರು ಎರಡು ಮೈಲಿಯಲ್ಲಿ 1,300 ಅಡಿ ಇಳಿಯುವ ದಾರಿ ಅದು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಕಾದು, ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಇಳಿದ ಮೇಲೆ ಹಬ್ ಬಿಚ್ಚಿ ಹೊಸ ಗ್ರೀಸ್ ತುಂಬಬೇಕಾಗಿತ್ತು. ಹೀಗೆ ಮತ್ತೆ ತುಂಬುವುದಕ್ಕೆ ಇಂಗ್ಲಿಷಿನಲ್ಲಿ ‘ರೀಪ್ಯಾಕ್’ ಎನ್ನುತ್ತಾರೆ; ಆ ದಾರಿಗೂ ಪಂದ್ಯಕ್ಕೂ ಅದೇ ಹೆಸರು ನಿಂತಿತು. 1977ರಲ್ಲಿ ಜೋ ಬ್ರೀಜ್ ಎಂಬವರು ಈ ಕೆಲಸಕ್ಕೆಂದೇ ಹೊಸ ಚೌಕಟ್ಟು ಕಟ್ಟಿದರು. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಈ ಆಟಕ್ಕೆ ಸ್ಥಾನ ಸಿಕ್ಕಿತು. ಮೂಲೆಗೆ ಬಿದ್ದ ಸೈಕಲ್ಲಿನಿಂದ ಒಲಿಂಪಿಕ್ಸಿಗೆ ಇಪ್ಪತ್ತೇ ವರ್ಷ! ಆದ್ದರಿಂದ ಹಳೆಯ ಸೈಕಲ್ ಒರಸಿಕೊಂಡು ಹೊರಡುವವನು ನಾಚಬೇಕಾದ ಕಾರಣವಿಲ್ಲ.

ಆ ಮರಿನ್ ಗುಂಪಿನಲ್ಲಿ ಗ್ಯಾರಿ ಫಿಶರ್ ಎಂಬವರಿದ್ದರು. ತಲೆಗೂದಲು ಉದ್ದವಾಯಿತೆಂಬ ಕಾರಣಕ್ಕೆ 1968ರಲ್ಲಿ ಅವರನ್ನು ಸೈಕಲ್ ಪಂದ್ಯಗಳಿಂದ ಹೊರಗಿಟ್ಟರು. ಆ ನಿಯಮ ತೆಗೆದುಹಾಕುವ ಹೊತ್ತಿಗೆ 1972 ಬಂದಿತ್ತು. ಫಿಶರ್ ಮತ್ತೆ ಬಂದರು, ಬೆಟ್ಟದ ಸೈಕಲ್ಲಿಗೆ ರೂಪ ಕೊಟ್ಟವರಲ್ಲಿ ಒಬ್ಬರಾದರು. ವಯಸ್ಸಿನ ಮಾತೆತ್ತುವವರಿಗೆ ನೆಡ್ ಓವರೆಂಡ್ ಅವರ ಉದಾಹರಣೆಯಿದೆ. 1990ರಲ್ಲಿ ವಿಶ್ವವಿಜೇತರಾಗಿದ್ದ ಅವರು, 2015ರಲ್ಲಿ, ತಮ್ಮ 59ನೆಯ ವಯಸ್ಸಿನಲ್ಲಿ, ಅತಿ ದಪ್ಪ ಟೈರಿನ ಸೈಕಲ್ಲುಗಳ ಅಮೆರಿಕದ ರಾಷ್ಟ್ರೀಯ ಪಂದ್ಯವನ್ನು ಗೆದ್ದರು. ಅವರು ಜೀವಮಾನವೆಲ್ಲ ಅಭ್ಯಾಸ ಬಿಡದವರು; ನಮಗೂ ಅವರಿಗೂ ಹೋಲಿಕೆ ಸಲ್ಲದು. ಆದರೆ ವಯಸ್ಸೊಂದೇ ಬಾಗಿಲು ಮುಚ್ಚುವುದಿಲ್ಲ ಎಂಬಷ್ಟನ್ನು ಅವರಿಂದ ಕಲಿಯಬಹುದು. ಇನ್ನು ಸೈಕಲ್ಲು ಕನ್ನಡಿಗರಿಗೆ ಹೊರಗಿನದೇನಲ್ಲ. ನಮ್ಮ ವಿಜಾಪುರ, ಬಾಗಲಕೋಟೆಯ ಹಳ್ಳಿಗಳಿಂದ ರಾಷ್ಟ್ರಮಟ್ಟದ ಸೈಕಲ್ ಪಟುಗಳು ಅನೇಕರು ಬಂದಿದ್ದಾರೆ.

ಬಂಧುಗಳೇ, ಈಗ ದೇಹದ ಲೆಕ್ಕಕ್ಕೆ ಬರೋಣ. ವರ್ಷಗಳ ನಂತರ ಹತ್ತಿದರೂ ತೋಲ ತಪ್ಪುವುದಿಲ್ಲ. ಮಿದುಳು ಒಮ್ಮೆ ಕಲಿತ ಸಮತೋಲವನ್ನು ಸುಲಭವಾಗಿ ಬಿಟ್ಟುಕೊಡದು. ಮೋಸ ಇರುವುದು ಇಲ್ಲಿಯೇ. ಕೈಕಾಲಿಗೆ ಆಟ ನೆನಪಿದೆ, ಹೃದಯಕ್ಕೂ ಶ್ವಾಸಕೋಶಕ್ಕೂ ಆ ಕಸುವು ಉಳಿದಿಲ್ಲ. ಅಭ್ಯಾಸ ಬಿಟ್ಟ ಕೆಲವೇ ವಾರಗಳಲ್ಲಿ ಅದು ಇಳಿಯತೊಡಗುತ್ತದೆ. ಮತ್ತೆ ಶುರುಮಾಡಿದರೆ ಮೊದಲು ಬಲಿಯುವುದು ಮಾಂಸಖಂಡ. ಮೂಳೆಗೆ ಅದನ್ನು ಕಟ್ಟಿರುವ ನರಹುರಿಗಳು ಬಲಿಯಲು ಹೆಚ್ಚು ಕಾಲ ಹಿಡಿಯುತ್ತದೆ. ತೊಡೆ ‘ಆಗುತ್ತದೆ’ ಎಂದಾಗ ಮೊಣಕಾಲು ‘ತಾಳು’ ಎನ್ನುವುದು ಅದಕ್ಕೇ. ಹನ್ನೆರಡು ತಾಸು ನಿಂತೇ ದುಡಿಯುವ ನಮಗೆ ಬೇರೆ ವ್ಯಾಯಾಮವೇಕೆ ಎಂದು ಹೋಟೆಲಿನ ಬಂಧುಗಳು ಹೇಳುವುದುಂಟು. ನಿಂತ ಕಾಲಿಗೆ ದಣಿವು ಸಿಗುತ್ತದೆ, ಎದೆಗೆ ಕಸುವು ಸಿಗುವುದಿಲ್ಲ.

ಆದ್ದರಿಂದ ಮೊದಲ ತಿಂಗಳು ಬೆಟ್ಟದ ಮಾತೇ ಬೇಡ. ಬೆಳಗಿನ ಜಾವ ವಾಹನ ಕಡಿಮೆ ಇರುವಾಗ ಸಪಾಟು ರಸ್ತೆಯಲ್ಲಿ ಅರ್ಧ ತಾಸು ತುಳಿದರೆ ಸಾಕು. ಪಕ್ಕದವನೊಡನೆ ಮಾತಾಡುತ್ತ ತುಳಿಯಲು ಬರಬೇಕು. ಮಾತು ಕಡಿಯಿತೆಂದರೆ ವೇಗ ಹೆಚ್ಚಾಯಿತೆಂದೇ ತಿಳಿಯಿರಿ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಎದೆನೋವು ಇದ್ದವರು ಡಾಕ್ಟರಿಗೆ ತೋರಿಸದೆ ಹತ್ತಕೂಡದು. ಎರಡನೆಯ ತಿಂಗಳು ಸಣ್ಣ ಏರು. ಬೋರಿವಲಿಯ ರಾಷ್ಟ್ರೀಯ ಉದ್ಯಾನದಲ್ಲಿ ಕಾನ್ಹೇರಿ ಗುಹೆಗಳತ್ತ ಏರುವ ಡಾಂಬರು ದಾರಿ ಇದಕ್ಕೆ ತಕ್ಕದ್ದು. ಅಲ್ಲಿಯ ನಿಯಮ ಮೀರಿ ಕಾಡಿನ ಕಾಲುದಾರಿಗೆ ಇಳಿಯಬಾರದು. ಸಹ್ಯಾದ್ರಿಯ ಕಲ್ಲುಮಣ್ಣಿನ ದಾರಿ ಮಳೆ ಮುಗಿದು ಪಾಚಿ ಒಣಗಿದ ಮೇಲೆಯೇ ಇರಲಿ.

ಸೈಕಲ್ಲನ್ನೂ ನೋಡಬೇಕು. ಮೂಲೆಯಲ್ಲಿ ನಿಂತ ಸೈಕಲ್ಲಿನ ಬ್ರೇಕಿನ ರಬ್ಬರು ಕಲ್ಲಾಗಿರುತ್ತದೆ, ತಂತಿಗೆ ತುಕ್ಕು ಹಿಡಿದಿರುತ್ತದೆ, ಟೈರಿನ ಪಕ್ಕ ಸೀಳಿರುತ್ತದೆ, ಗ್ರೀಸು ಒಣಗಿರುತ್ತದೆ. ಈ ನಾಲ್ಕನ್ನು ಮಿಸ್ತ್ರಿಯಿಂದ ಸರಿಮಾಡಿಸದೆ ಇಳಿಜಾರಿಗೆ ಹೋಗುವುದು ಜೀವದೊಡನೆ ಜೂಜು. ಹೊಸ ಸೈಕಲ್ಲುಗಳು ಬಹಳ ಬದಲಾಗಿವೆ ನಿಜ. ಹಿಂದಿನ 26 ಅಂಗುಲದ ಚಕ್ರದ ಬದಲು ಈಗ 29 ಅಂಗುಲದ್ದು ಹೆಚ್ಚು, ಪೆಡಲಿನ ಬಳಿ ಮೂರಿದ್ದ ಹಲ್ಲುಚಕ್ರ ಒಂದಕ್ಕಿಳಿದಿದೆ, ರಿಮ್ಮು ಹಿಡಿಯುತ್ತಿದ್ದ ಬ್ರೇಕಿನ ಜಾಗಕ್ಕೆ ತಟ್ಟೆಯ ಬ್ರೇಕು ಬಂದಿದೆ, ಹ್ಯಾಂಡಲ್ ಅಗಲವಾಗಿದೆ. ಇವು ಅನುಕೂಲಗಳೇ. ಆದರೆ ಮೊದಲ ದಿನವೇ ಸಾಲ ಮಾಡಿ ಕೊಳ್ಳಬೇಕಾದವಲ್ಲ. ಆರು ತಿಂಗಳು ಹಳೆಯದನ್ನೇ ತುಳಿಯಿರಿ. ಆಸೆ ಉಳಿದರೆ ಆಮೇಲೆ ಯೋಚಿಸೋಣ. ಹೆಲ್ಮೆಟ್ಟಿನಲ್ಲಿ ಮಾತ್ರ ಉಳಿತಾಯ ಬೇಡ. ಒಮ್ಮೆ ಏಟು ತಿಂದದ್ದನ್ನು ಮತ್ತೆ ಧರಿಸಬೇಡಿ.

ಇಳಿಯುವಾಗ ಪೆಡಲುಗಳು ನೆಲಕ್ಕೆ ಸಮನಾಗಿರಲಿ, ಮೈಭಾರ ಕೊಂಚ ಹಿಂದಕ್ಕಿರಲಿ. ಮುಂದಿನ ಬ್ರೇಕಿಗೆ ಬಲ ಹೆಚ್ಚು. ಅದನ್ನು ಜಗ್ಗನೆ ಹಿಡಿದರೆ ಸವಾರ ತಲೆಕೆಳಗಾದಾನು. ಎರಡನ್ನೂ ಮೆಲ್ಲಗೆ ಹಿಡಿಯಿರಿ. ಚಕ್ರದ ಮುಂದಿನ ಕಲ್ಲನ್ನೇ ನೋಡುತ್ತಿದ್ದರೆ ಸೈಕಲ್ಲು ಅದರ ಮೇಲೆಯೇ ಹೋಗುತ್ತದೆ. ದೃಷ್ಟಿ ಹತ್ತು ಮಾರು ಮುಂದಿರಲಿ. ಕಡಿದಾದ ಜಾಗದಲ್ಲಿ ಇಳಿದು ನೂಕಿಕೊಂಡು ಹೋಗುವುದು ಸೋಲಲ್ಲ. ನಾಳೆ ಕೆಲಸಕ್ಕೆ ಹೋಗಬೇಕಾದವನ ಕೈ ಮುರಿದರೆ ಮನೆಯೊಲೆಯೇ ಆರುತ್ತದೆ ಎಂಬುದನ್ನು ನಾವು ಮರೆಯುವಂತಿಲ್ಲ.

ಕೊನೆಯದಾಗಿ ಒಂದು ಮಾತು. ಈ ಮುಂಬಯಿಯಲ್ಲಿ ಗಿರಣಿಯವರಿಗೆ ರವಿವಾರದ ರಜೆ ಯಾರೂ ದಾನ ಕೊಟ್ಟದ್ದಲ್ಲ. ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಹೋರಾಡಿದ ಮೇಲೆ 1890ರ ಜೂನಿನಲ್ಲಿ ಅದು ದೊರೆಯಿತು. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅವುಗಳೊಡನೆ ನಮ್ಮ ಹಿರಿಯರ ಎಷ್ಟೋ ಆಟಪಾಟಗಳು ನಿಂತವು. ಆದರೆ ಅವರು ಗೆದ್ದ ರಜೆ ನಮ್ಮ ಪಾಲಿಗೆ ಬಂದಿದೆ. ಹೋಟೆಲಿನಲ್ಲಿ ಅದು ಇಂದಿಗೂ ಸಿಗದ ಬಂಧುಗಳಿದ್ದರೆ ಸಂಘಕ್ಕೆ ತಿಳಿಸಿರಿ, ಸಂಘ ಕೇಳುತ್ತದೆ. ಸಿಕ್ಕಿದವರು ಅದನ್ನು ಮಲಗಿ ಕಳೆಯಬೇಡಿ. ದುಡಿಮೆ ನಮ್ಮಿಂದ ಕಿತ್ತುಕೊಂಡ ವರ್ಷಗಳು ಹಿಂದಿರುಗಲಾರವು. ಆ ವರ್ಷಗಳಲ್ಲಿ ಬಿಟ್ಟ ಆಟ ಹಿಂದಿರುಗಬಲ್ಲದು. ಬಿಟ್ಟಲ್ಲಿಂದ ಹಿಡಿಯುವ ಹಟ ಬೇಡ, ಇಂದು ನಿಂತಲ್ಲಿಂದ ಶುರುಮಾಡೋಣ.

ಬರುವ ರವಿವಾರ ಬೆಳಿಗ್ಗೆ ಆರು ಗಂಟೆಗೆ ಸಂಘದ ಬಾಗಿಲ ಮುಂದೆ ನಾವು ಸೈಕಲ್ ಹಿಡಿದು ನಿಂತಿರುತ್ತೇವೆ. ತಾವೂ ಬರಬೇಕು.