ಮೊದಲು ಯಾವುದು?

ಪುಣೆ ಪಕ್ಕದ ಪಿಂಪ್ರಿಯಲ್ಲಿ 1954ರಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಎಂಬ ಔಷಧ ಕಂಪನಿ ಸ್ಥಾಪನೆಯಾಯಿತು. ಮರುವರ್ಷ ಪೆನಿಸಿಲಿನ್ ತಯಾರಿಕೆ ಶುರುವಾಯಿತು. ಪೆನಿಸಿಲಿನ್ ಕೊಡುವ ಬೂಷ್ಟನ್ನು ಬೆಳೆಸುವ ಮುನ್ನ ತೊಟ್ಟಿಯನ್ನು ಹಬೆಯಿಂದ ಶುದ್ಧಗೊಳಿಸಲೇಬೇಕು. ಬೇರೊಂದು ಸೂಕ್ಷ್ಮಾಣು ಒಳಹೊಕ್ಕರೆ ಇಡೀ ತೊಟ್ಟಿ ಹಾಳಾದೀತು. ಅಲ್ಲಿ ಕೆಲಸದ ಕ್ರಮವೇ ಔಷಧದ ಜೀವಾಳ.

ನಮ್ಮ ದಿನಕ್ಕೂ ಕ್ರಮ ಬೇಕು. ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ಮೊದಲು ಮಾಡುತ್ತೇವೆ. ಮುಖ್ಯವಾದದ್ದು ಸಂಜೆಗೆ ಉಳಿಯುತ್ತದೆ. ಉದಾಹರಣೆಗೆ, ಅಮ್ಮನ ರಕ್ತಪರೀಕ್ಷೆ ಖಾಲಿ ಹೊಟ್ಟೆಯಲ್ಲೇ ಆಗಬೇಕು ಎನ್ನಿ. ತಿಂಡಿಯಾದ ಮೇಲೆ ನೆನಪಾದರೆ ಏನು ಪ್ರಯೋಜನ? ಎದ್ದ ಕೂಡಲೇ ಇಂದಿನ ಕೆಲಸಗಳನ್ನು ಚೀಟಿಯಲ್ಲಿ ಬರೆಯಿರಿ. ತಡವಾದರೆ ಕೆಡುವ ಕೆಲಸವನ್ನು ಮೇಲಿಡಿ. ಅದು ಮುಗಿಯುವ ತನಕ ಮೊಬೈಲ್ ದೂರವಿರಲಿ. ಎಲ್ಲವನ್ನೂ ಒಂದೇ ದಿನ ಮಾಡಲಾಗದು; ಮಾಡಲೇಬೇಕಾದ್ದನ್ನು ಮಾಡಿದರೆ ದಿನ ಸಾರ್ಥಕ.