ಕ್ಷಮಿಸುವ ಅಧಿಕಾರ

ಕೊರಿಯದ ಚಲಚ್ಚಿತ್ರವೆಂದೊಡನೆ ಪರದೇಶದ ಪ್ರೇಕ್ಷಕನು ರಕ್ತಪಾತವನ್ನೂ ಪ್ರತೀಕಾರವನ್ನೂ, ಇಲ್ಲವೆ 2019ರಲ್ಲಿ ಕಾನ್ ಉತ್ಸವದ ಪರಮಪ್ರಶಸ್ತಿಯನ್ನು ಪಡೆದ ಬೊಂಗ್ ಜೂನ್-ಹೋ ಅವರ ‘ಪ್ಯಾರಸೈಟ್’ ಚಿತ್ರವನ್ನೂ ನೆನೆಯುವುದು ಸಹಜವಾದರೂ, ದೂರದ ಕನ್ನಡಿಗನಾದ ನನ್ನ ಹೃದಯವನ್ನು ಗಾಢವಾಗಿ ಕಲಕಿದುದು, ಕಾದಂಬರಿಕಾರರಾಗಿದ್ದು ಅನಂತರ ಚಿತ್ರರಂಗಕ್ಕೆ ಬಂದು, ಕೆಲಕಾಲ ತಮ್ಮ ದೇಶದ ಸಂಸ್ಕೃತಿ ಸಚಿವರೂ ಆಗಿದ್ದ ಲೀ ಚಾಂಗ್-ಡಾಂಗ್ ಅವರು 2007ರಲ್ಲಿ ನಿರ್ದೇಶಿಸಿದ ‘ಸೀಕ್ರೆಟ್ ಸನ್‌ಶೈನ್’.

ಪತಿವಿಯೋಗದ ದುಃಖವನ್ನು ಹೊತ್ತು ಆತನ ಹುಟ್ಟೂರಾದ ಮಿರ್ಯಾಂಗಿಗೆ ಬಂದು ನೆಲಸಿದ ತರುಣಿಯೊಬ್ಬಳು, ತನ್ನ ಏಕಮಾತ್ರ ಪುತ್ರನನ್ನೂ ಅಪಹರಣಕಾರನೊಬ್ಬನ ಕ್ರೌರ್ಯಕ್ಕೆ ಕಳೆದುಕೊಂಡು, ದೈವಭಕ್ತಿಯಲ್ಲಿ ಸಾಂತ್ವನವನ್ನರಸಿ, ಕಡೆಗೆ ಆ ಕೊಲೆಗಾರನನ್ನು ಕ್ಷಮಿಸಲೆಂದೇ ಸೆರೆಮನೆಗೆ ಹೋಗುತ್ತಾಳೆ. ಆತನೋ ಪ್ರಸನ್ನವದನನಾಗಿ, ದೇವರು ತನ್ನನ್ನು ಈಗಾಗಲೇ ಕ್ಷಮಿಸಿರುವನೆನ್ನುತ್ತಾನೆ! ಹೆತ್ತವಳಿಗಿಂತ ಮೊದಲು ಕ್ಷಮಿಸುವ ಅಧಿಕಾರವು ದೇವರಿಗಾದರೂ ಉಂಟೆ? ಚಿತ್ರವು ಉತ್ತರಿಸುವುದಿಲ್ಲ, ಮತವನ್ನು ಹಳಿಯುವುದೂ ಇಲ್ಲ. ಆ ತಾಯಿಯ ಮುಖದಲ್ಲಿ ನಂಬಿಕೆಯು ಕುಸಿಯುವುದನ್ನು ಮಾತ್ರ ನಾವು ಕಾಣುತ್ತೇವೆ. ಆ ಪಾತ್ರಕ್ಕಾಗಿ ಜಿಯಾನ್ ಡೋ-ಯಾನ್ ಅವರಿಗೆ ಕಾನ್‌ನಲ್ಲಿ ಶ್ರೇಷ್ಠ ನಟಿಯೆಂಬ ಗೌರವವು ಸಂದುದು ಸರ್ವಥಾ ಯೋಗ್ಯವೇ.

2010ರ ‘ಪೊಯೆಟ್ರಿ’ಯಲ್ಲಿ ಲೀ ಅವರು ಇದೇ ಪ್ರಶ್ನೆಯನ್ನು ಅಪರಾಧಿಯ ಮನೆಯ ಕಡೆಯಿಂದ ಎತ್ತುತ್ತಾರೆ: ಅಪರಾಧದಲ್ಲಿ ಪಾಲುಗೊಂಡ ಉಳಿದ ಹುಡುಗರ ತಂದೆಯರು ಹಣವಿತ್ತು ವಿಷಯವನ್ನು ಮುಚ್ಚಿಹಾಕಲು ಯತ್ನಿಸುತ್ತಿರಲು, ಮರೆವಿನ ರೋಗವು ತೊಡಗಿದ ವೃದ್ಧೆಯೊಬ್ಬಳು ಮಾತ್ರ ಮೊಮ್ಮಗನ ಪಾಪವನ್ನು ತನ್ನ ಮನಸ್ಸಿನಿಂದ ಅಳಿಸಲಾರದೆ ಹೋಗುತ್ತಾಳೆ. ಪ್ರತೀಕಾರದ ಚಿತ್ರಗಳನ್ನಷ್ಟೇ ಕಂಡು ಆ ನಾಡನ್ನು ಅಳೆದವರು ಇವೆರಡನ್ನೂ ಸಾವಧಾನದಿಂದ ನೋಡಬೇಕೆಂಬುದು ನನ್ನ ವಿನಂತಿ.