ಕ್ರೀಡಾಂಗಣಗಳ ಪೈಪೋಟಿ ಮತ್ತು ತಪ್ಪಿಸಿಕೊಂಡ ಪರಿಶೀಲನೆ



ಅಮೆರಿಕದ ಫುಟ್‌ಬಾಲ್ ನಮ್ಮ ಕಾಲ್ಚೆಂಡಾಟವಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಅಲ್ಲಿನ ತಂಡಗಳಿಗೆ ಒಡೆಯರಿದ್ದಾರೆ. ಊರು ಒಗ್ಗದಿದ್ದರೆ, ಉಳಿದ ಒಡೆಯರ ಒಪ್ಪಿಗೆ ಪಡೆದು ತಂಡವನ್ನೇ ಮತ್ತೊಂದು ಊರಿಗೆ ಒಯ್ಯಬಹುದು. 1995ರಿಂದ ಒಂದು ತಂಡವೂ ಇಲ್ಲದೆ ಉಳಿದಿದ್ದ ಲಾಸ್ ಏಂಜಲೀಸ್ ಪ್ರದೇಶಕ್ಕೆ 2015ರಲ್ಲಿ ಮೂರು ತಂಡಗಳು ಏಕಕಾಲಕ್ಕೆ ಹೊರಟು ನಿಂತವು.

ಸೇಂಟ್ ಲೂಯಿಸ್‌ನ ರ‍್ಯಾಮ್ಸ್ ತಂಡದ ಒಡೆಯ ಸ್ಟ್ಯಾನ್ ಕ್ರೋಂಕಿಯವರ ಪ್ರಸ್ತಾಪ ಇಂಗಲ್‌ವುಡ್‌ನಲ್ಲಿ, 2013ರಲ್ಲಿ ಮುಚ್ಚಿದ ಕುದುರೆ ಪಂದ್ಯದ ಮೈದಾನದ ಬಳಿ. ಸ್ಯಾನ್ ಡಿಯಾಗೋದ ಚಾರ್ಜರ್ಸ್ ಮತ್ತು ಓಕ್‌ಲೆಂಡ್‌ನ ರೈಡರ್ಸ್ ತಂಡಗಳ ಜಂಟಿ ಪ್ರಸ್ತಾಪ ಕಾರ್ಸನ್‌ನಲ್ಲಿ, ಸುಮಾರು 157 ಎಕರೆಯ ಹಳೆಯ ಕಸದ ಗುಂಡಿಯ ಮೇಲೆ.

ಕ್ಯಾಲಿಫೋರ್ನಿಯಾದಲ್ಲಿ 1970ರಿಂದಲೂ ಒಂದು ಪರಿಸರ ಕಾನೂನು ಇದೆ. ಇಂಥ ಬೃಹತ್ ಯೋಜನೆಗೆ ಮುನ್ನ ವಾಹನ ದಟ್ಟಣೆ, ಗಾಳಿ, ನೀರು, ಸದ್ದುಗಳ ಮೇಲಾಗುವ ಪರಿಣಾಮವನ್ನು ಅಧ್ಯಯನ ಮಾಡಿ ಜನರ ಮುಂದಿಡಬೇಕು. ನಮ್ಮಲ್ಲಿ 2006ರ ಅಧಿಸೂಚನೆಯನ್ವಯ ನಡೆಯುವ ಸಾರ್ವಜನಿಕ ಅಹವಾಲು ಸಭೆಗಳನ್ನು ಕಂಡವರಿಗೆ ಇದರ ಬೆಲೆಯೂ ಗೊತ್ತು, ಇದನ್ನು ಕಾಟಾಚಾರವಾಗಿಸುವ ಬಗೆಯೂ ಗೊತ್ತು. ಅಲ್ಲಿ ಕಾಟಾಚಾರಕ್ಕೂ ಅದು ನಡೆಯಲಿಲ್ಲ. ನಿಗದಿತ ಸಂಖ್ಯೆಯ ಮತದಾರರು ಸಹಿ ಹಾಕಿದ ಜನಪ್ರಸ್ತಾವವನ್ನು ನಗರಸಭೆ ಮತದಾನಕ್ಕೆ ಹಾಕದೆ ನೇರವಾಗಿ ಅಂಗೀಕರಿಸಿದರೆ ಪರಿಸರ ಪರಿಶೀಲನೆ ಬೇಕಿಲ್ಲವೆಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ತೀರ್ಪಿತ್ತಿತ್ತು. ಕ್ರೀಡಾಂಗಣದ ಯೋಜಕರು ಆ ಬಾಗಿಲಿನಿಂದಲೇ ಒಳಬಂದರು. 2015ರ ಫೆಬ್ರವರಿ 24ರಂದು ಇಂಗಲ್‌ವುಡ್ ನಗರಸಭೆ ಐವರು ಸದಸ್ಯರ ಒಮ್ಮತದಿಂದ ಒಪ್ಪಿತು. ಏಪ್ರಿಲ್‌ನಲ್ಲಿ ಕಾರ್ಸನ್ ಅದೇ ದಾರಿ ಹಿಡಿಯಿತು. ಪೂರ್ಣ ಅಧ್ಯಯನವೂ ಇಲ್ಲ, ಜನರ ಮತವೂ ಇಲ್ಲ. 1911ರಲ್ಲಿ ರೈಲ್ವೆ ಕಂಪನಿಯ ಹಿಡಿತದಿಂದ ರಾಜ್ಯವನ್ನು ಬಿಡಿಸಲೆಂದು ತಂದ ಜನಪ್ರಸ್ತಾವದ ಹಕ್ಕು ಹೀಗೆ ಕುಬೇರರ ಕೈಯ ಕೀಲಿಕೈಯಾಯಿತು. ತಮ್ಮಲ್ಲಿಯೇ ಪೈಪೋಟಿ ಹೂಡಿದ್ದ ಎರಡು ಪಕ್ಷಗಳೂ ಈ ಒಂದು ವಿಷಯದಲ್ಲಿ ಮಾತ್ರ ಏಕಮತವಾಗಿದ್ದವು!

2016ರ ಜನವರಿ 12ರಂದು ಹ್ಯೂಸ್ಟನ್‌ನಲ್ಲಿ ಸೇರಿದ ಒಡೆಯರು 30–2 ಮತಗಳಿಂದ ಇಂಗಲ್‌ವುಡ್ಡನ್ನು ಆರಿಸಿದರು. ವಿಮಾನ ನಿಲ್ದಾಣದ ಸಮೀಪವಾದ್ದರಿಂದ ಕಟ್ಟಡವನ್ನು ನೆಲದೊಳಗೆ ಸುಮಾರು 100 ಅಡಿ ಇಳಿಸಬೇಕಾಯಿತು. ಅಗೆಯುವಾಗ ಬಿದ್ದ ಭಾರಿ ಮಳೆಯಿಂದ ಉದ್ಘಾಟನೆ ಒಂದು ವರ್ಷ ಮುಂದೆ ಹೋಗಿ, 2020ರಲ್ಲಿ ಅದು ತೆರೆಯಿತು. ಆವರಣದಲ್ಲಿ ಮಳೆನೀರು ಹಿಡಿಯುವ ಕೆರೆಯೊಂದನ್ನು ಮಾಡಿದ್ದಾರೆ, ಅದನ್ನೂ ಹೇಳಬೇಕು.

ಚಾರ್ಜರ್ಸ್ 2017ರಲ್ಲಿ ಇಂಗಲ್‌ವುಡ್ಡನ್ನೇ ಸೇರಲು ಒಪ್ಪಿತು. ರೈಡರ್ಸ್ ತಂಡ ಲಾಸ್ ವೇಗಸ್ಸಿಗೆ ಹೋಯಿತು. ಅಲ್ಲಿನ ಕ್ರೀಡಾಂಗಣಕ್ಕೆ ಹೋಟೆಲ್ ತೆರಿಗೆಯಿಂದ 75 ಕೋಟಿ ಡಾಲರ್ ಸಾರ್ವಜನಿಕ ಹಣ ಸಂದಿತು. ತಂಡ ಕಳೆದುಕೊಂಡ ಸೇಂಟ್ ಲೂಯಿಸ್ ಮೊಕದ್ದಮೆ ಹೂಡಿ, 2021ರಲ್ಲಿ 79 ಕೋಟಿ ಡಾಲರ್ ರಾಜಿ ಹಣ ಪಡೆಯಿತು.

ಪರಿಶೀಲನೆ ಮಾಡಿದರೆ ಯೋಜನೆಯೇ ನಿಂತುಹೋಗುತ್ತದೆ ಎಂಬ ವಾದ ಅಲ್ಲಿಯೂ ಕೇಳಿಬರುತ್ತದೆ. ಅದೇ ಇಂಗಲ್‌ವುಡ್‌ನಲ್ಲಿ, ಆ ಕ್ರೀಡಾಂಗಣದ ಸಮೀಪವೇ, ಬ್ಯಾಸ್ಕೆಟ್‌ಬಾಲ್ ತಂಡವೊಂದರ ಕ್ರೀಡಾಂಗಣಕ್ಕೆ ಪರಿಸರ ವರದಿ ತಯಾರಾಗಿ 2020ರಲ್ಲಿ ನಗರಸಭೆಯ ಒಪ್ಪಿಗೆ ಪಡೆಯಿತು. ಮೊಕದ್ದಮೆಗಳನ್ನೂ ಎದುರಿಸಿತು. 2024ರಲ್ಲಿ ಅಲ್ಲಿ ಆಟ ಆರಂಭವಾಯಿತು.